ಮನೆಯ ಗಾಳಿಗೆ ಯಾವ ದಾರಿ: ಕಿಟಕಿ, ಎಕ್ಸಾಸ್ಟ್ ಫ್ಯಾನ್, ಫಿಲ್ಟರ್ ಗಾಳಿ, ಇಆರ್‌ವಿ – ಊರಿಗೆ ತಕ್ಕ ಹೋಲಿಕೆ

ಹತ್ತಡಿ ಅಗಲ, ಹನ್ನೆರಡಡಿ ಉದ್ದ, ಹತ್ತಡಿ ಎತ್ತರದ ಒಂದು ಮಲಗುವ ಕೋಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಅದರೊಳಗಿನ ಗಾಳಿ ಸುಮಾರು 34 ಘನ ಮೀಟರ್. ಗಂಡ ಹೆಂಡತಿ ಇಬ್ಬರು ರಾತ್ರಿ ಹತ್ತಕ್ಕೆ ಬಾಗಿಲು, ಕಿಟಕಿ ಮುಚ್ಚಿ, ಸ್ಪ್ಲಿಟ್ ಎಸಿ ಹಾಕಿಕೊಂಡು ಮಲಗುತ್ತಾರೆ. ನಿದ್ದೆಯಲ್ಲಿರುವ ವಯಸ್ಕರೊಬ್ಬರು ಗಂಟೆಗೆ ಸುಮಾರು 13 ಲೀಟರ್ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತಾರೆ. ಬಾಗಿಲ ಸಂದು, ಕಿಟಕಿಯ ಚೌಕಟ್ಟಿನ ಬಿರುಕುಗಳಿಂದ ಗಂಟೆಗೆ ಕೋಣೆಯ ಗಾಳಿಯ ಹತ್ತರಲ್ಲಿ ಮೂರು ಪಾಲು ಮಾತ್ರ ಬದಲಾಗುತ್ತದೆ ಎಂದಿಟ್ಟುಕೊಂಡರೆ, ಬೆಳಗಿನ ಆರರ ಹೊತ್ತಿಗೆ ಒಳಗಿನ ಪ್ರಮಾಣ 2,500 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಷ್ಟು ಪಾಲು) ದಾಟಿರುತ್ತದೆ. ಅದೇ ಹೊತ್ತಿನಲ್ಲಿ ಕಿಟಕಿಯ ಆಚೆ ಅದು 420ರ ಆಸುಪಾಸಿನಲ್ಲಿರುತ್ತದೆ. ಎಂಟು ಗಂಟೆ ನಿದ್ದೆ ಮಾಡಿಯೂ ತಲೆ ಭಾರ ಎನ್ನುವವರು ಮೊದಲು ಈ ಲೆಕ್ಕವನ್ನು ಮಾಡಿ ನೋಡಬೇಕು.

ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ. ಕೋಣೆಯಲ್ಲಿರುವ ಗಾಳಿಯನ್ನೇ ಮತ್ತೆ ಮತ್ತೆ ಎಳೆದು ತಂಪು ಮಾಡಿ ಬಿಡುತ್ತದೆ. ಹೊರಗೋಡೆಯ ಮೇಲೆ ಕೂತಿರುವ ಘಟಕಕ್ಕೂ ಒಳಗಿನ ಘಟಕಕ್ಕೂ ನಡುವೆ ಓಡಾಡುವುದು ತಾಮ್ರದ ಕೊಳವೆಯಲ್ಲಿನ ಶೀತಕ ದ್ರವವೇ ಹೊರತು ಗಾಳಿಯಲ್ಲ. ಸೀಲಿಂಗ್ ಫ್ಯಾನ್ ಕೂಡ ಇದ್ದ ಗಾಳಿಯನ್ನೇ ತಿರುಗಿಸುತ್ತದೆ. ಏರ್ ಪ್ಯೂರಿಫೈಯರ್ ಧೂಳಿನ ಸೂಕ್ಷ್ಮ ಕಣಗಳನ್ನು ಹಿಡಿಯುತ್ತದೆ, ಆದರೆ ಉಸಿರಿನಿಂದ ಬಂದ ಅನಿಲವನ್ನಾಗಲೀ ತೇವವನ್ನಾಗಲೀ ತೆಗೆಯುವುದಿಲ್ಲ. ಹೀಗಾಗಿ ಮೂರನ್ನೂ ಕೊಂಡ ಮನೆಯಲ್ಲಿಯೂ ಹೊಸ ಗಾಳಿ ಬರುವ ದಾರಿಯೇ ಇಲ್ಲದಿರಬಹುದು. ಆ ದಾರಿಯನ್ನು ಹೇಗೆ ಮಾಡಿಕೊಳ್ಳಬೇಕು, ಅದಕ್ಕೆ ಎಷ್ಟು ವಿದ್ಯುತ್ ಖರ್ಚಾಗುತ್ತದೆ, ಯಾವ ಊರಿನಲ್ಲಿ ಯಾವುದು ಸರಿ ಎಂಬುದಷ್ಟೇ ಈ ಬರಹದ ವಿಷಯ. ನನ್ನ ನಿಲುವನ್ನು ಮೊದಲೇ ಹೇಳುತ್ತೇನೆ: ಆಯ್ಕೆಯನ್ನು ನಿರ್ಧರಿಸಬೇಕಾದದ್ದು ಯಂತ್ರದ ಗುಣಪಟ್ಟಿಯಲ್ಲ, ನಿಮ್ಮ ಕಿಟಕಿಯ ಆಚೆಗಿನ ಗಾಳಿ ತನ್ನೊಂದಿಗೆ ಹೊತ್ತು ತರುವ ಬಿಸಿ, ತೇವ ಮತ್ತು ಧೂಳು. ಬೆಂಗಳೂರಿಗೆ ಒಪ್ಪುವ ಉತ್ತರ ಮಂಗಳೂರಿನಲ್ಲಿ ತಪ್ಪಾಗುತ್ತದೆ, ಮಂಗಳೂರಿನ ಉತ್ತರ ಕಲಬುರಗಿಯಲ್ಲಿ ಹಣ ಪೋಲು ಮಾಡುತ್ತದೆ.

ಎಷ್ಟು ಗಾಳಿ ಬೇಕು

ಇಂಗಾಲದ ಡೈಆಕ್ಸೈಡನ್ನು ಕೋಣೆಯ ಗಾಳಿಯ ಅಳತೆಗೋಲಾಗಿ ಬಳಸುವ ಪದ್ಧತಿ ಹೊಸದಲ್ಲ. 1858ರಲ್ಲಿಯೇ ಮ್ಯೂನಿಕ್‌ನ ಆರೋಗ್ಯವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟ್ಟೆನ್‌ಕೋಫರ್ ಜನರಿರುವ ಕೋಣೆಯಲ್ಲಿ 1,000 ಪಿಪಿಎಂ ಮೀರಬಾರದು ಎಂಬ ಮಿತಿಯನ್ನು ಸೂಚಿಸಿದ್ದರು. ಆ ಅನಿಲವೇ ವಿಷ ಎಂದು ಅವರು ಹೇಳಲಿಲ್ಲ. ಜನರ ಮೈಯಿಂದ, ಉಸಿರಿನಿಂದ ಹೊರಬರುವ ಉಳಿದೆಲ್ಲ ಕಲ್ಮಶಕ್ಕೆ ಅದು ಸಾಕ್ಷಿ ಎಂದು ತಿಳಿದಿದ್ದರು. ಈಚಿನ ಸಂಶೋಧನೆಯೂ ಬಹುಮಟ್ಟಿಗೆ ಅತ್ತಲೇ ವಾಲುತ್ತದೆ. 2012ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಸಂಶೋಧಕರು ಪಾಲ್ಗೊಂಡ ಅಧ್ಯಯನವೊಂದು 2,500 ಪಿಪಿಎಂನಲ್ಲಿ ತೀರ್ಮಾನ ಕೈಗೊಳ್ಳುವ ಶಕ್ತಿ ಕುಗ್ಗುತ್ತದೆ ಎಂದು ಹೇಳಿತು; ಅನಂತರ ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯದ ಪ್ರಯೋಗಗಳಲ್ಲಿ ಸಿಲಿಂಡರಿನಿಂದ ಬಿಟ್ಟ ಶುದ್ಧ ಇಂಗಾಲದ ಡೈಆಕ್ಸೈಡ್ 3,000 ಪಿಪಿಎಂವರೆಗೆ ಏರಿದರೂ ಅಂಥ ಪರಿಣಾಮ ಕಾಣಲಿಲ್ಲ, ಆದರೆ ಗಾಳಿ ಕಡಿಮೆ ಮಾಡಿ ಜನರ ಮೈಗಂಧವೂ ಸೇರಿದಂತೆ ಅದೇ ಮಟ್ಟಕ್ಕೆ ಏರಲು ಬಿಟ್ಟಾಗ ಕೆಲಸವೂ ಕುಗ್ಗಿತು, ತಲೆನೋವೂ ಹೆಚ್ಚಿತು. ಹಾರ್ವರ್ಡಿನ ಜೋಸೆಫ್ ಆಲನ್ ಅವರ ತಂಡ ಸಿರಾಕ್ಯೂಸ್‌ನಲ್ಲಿ 24 ಮಂದಿ ಉದ್ಯೋಗಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಗಾಳಿ ಹೆಚ್ಚಿದ್ದು ರಾಸಾಯನಿಕ ಆವಿ ಕಡಿಮೆಯಿದ್ದ ದಿನಗಳಲ್ಲಿ ಅರಿವಿನ ಪರೀಕ್ಷೆಯ ಅಂಕಗಳು ಎರಡರಷ್ಟಾದವು. ಆ ಸಂಖ್ಯೆಯನ್ನು ಜಾಹೀರಾತುಗಳಲ್ಲಿ ಕಾಣುವಷ್ಟು ಧೈರ್ಯದಿಂದ ನಾನು ಬಳಸಲಾರೆ, ಏಕೆಂದರೆ 24 ಮಂದಿ ತೀರ ಸಣ್ಣ ಗುಂಪು. ಆದರೆ ಎಲ್ಲ ಅಧ್ಯಯನಗಳೂ ಒಂದೇ ದಿಕ್ಕಿಗೆ ಬೆರಳು ತೋರಿಸುತ್ತವೆ.

ಸೋಂಕಿನ ವಿಷಯದಲ್ಲಂತೂ ಸಂದೇಹಕ್ಕೆ ಎಡೆಯೇ ಉಳಿದಿಲ್ಲ. 2020ರ ಜನವರಿಯಲ್ಲಿ ಚೀನಾದ ಗ್ವಾಂಗ್‌ಝೌ ನಗರದ ಹೋಟೆಲೊಂದರಲ್ಲಿ ಅಕ್ಕಪಕ್ಕದ ಮೂರು ಮೇಜುಗಳಲ್ಲಿ ಕುಳಿತ ಮೂರು ಕುಟುಂಬಗಳ ಹತ್ತು ಮಂದಿಗೆ ಕೋವಿಡ್ ಹರಡಿತು. ಅಲ್ಲಿ ಎಸಿ ಓಡುತ್ತಿತ್ತು, ಹೊರಗಾಳಿ ಮಾತ್ರ ಬರುತ್ತಿರಲಿಲ್ಲ. ಆಮೇಲೆ ಅಳೆದು ನೋಡಿದಾಗ ಒಬ್ಬರಿಗೆ ಸೆಕೆಂಡಿಗೆ ಸುಮಾರು ಒಂದು ಲೀಟರಿನಷ್ಟು ಮಾತ್ರ ಹೊಸ ಗಾಳಿ ಸಿಗುತ್ತಿತ್ತು ಎಂದು ಗೊತ್ತಾಯಿತು.

ಮನೆಗಳಿಗೆ ಅಮೆರಿಕದ ಎಸಿ ಎಂಜಿನಿಯರುಗಳ ಸಂಘವಾದ ಆಶ್ರೆಯ ಮಾನದಂಡ 62.2 ಕೊಡುವ ಸೂತ್ರ ಸರಳವಾಗಿದೆ. ನೆಲದ ಪ್ರತಿ ಚದರ ಮೀಟರಿಗೆ ಸೆಕೆಂಡಿಗೆ 0.15 ಲೀಟರ್, ಅದರ ಮೇಲೆ ಮಲಗುವ ಕೋಣೆಗಳ ಸಂಖ್ಯೆಗೆ ಒಂದನ್ನು ಕೂಡಿಸಿ 3.5ರಿಂದ ಗುಣಿಸಿದಷ್ಟು. 90 ಚದರ ಮೀಟರಿನ ಎರಡು ಬೆಡ್‌ರೂಮ್ ಮನೆಗೆ ಇದು ಸೆಕೆಂಡಿಗೆ 24 ಲೀಟರ್, ಅಂದರೆ ಗಂಟೆಗೆ 86 ಘನ ಮೀಟರ್ ಆಗುತ್ತದೆ. ಇದು ಕನಿಷ್ಠ. ಮೇಲೆ ಹೇಳಿದ ಮಲಗುವ ಕೋಣೆಯನ್ನು ಮಾತ್ರ 1,000 ಪಿಪಿಎಂ ಒಳಗಿಡಲು ಗಂಟೆಗೆ 45 ಘನ ಮೀಟರ್ ಬೇಕು. ಈ ಎರಡು ಸಂಖ್ಯೆಗಳನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಹೋಲಿಕೆಗೆ ಸಾಕು.

ಅದೇ ಗಾಳಿ, ಎರಡು ಊರು, ಎರಡು ಬೆಲೆ

ಎಸಿ ಓಡುತ್ತಿರುವಾಗ ಒಳಬರುವ ಪ್ರತಿ ಲೀಟರ್ ಗಾಳಿಯನ್ನು ತಂಪು ಮಾಡಬೇಕು, ಜೊತೆಗೆ ಅದರ ತೇವವನ್ನೂ ಹಿಂಡಿ ತೆಗೆಯಬೇಕು. ಎಸಿಯ ಕೊಳವೆಯಿಂದ ತೊಟ್ಟಿಕ್ಕುವ ನೀರು ಅದೇ. ತಂಪು ಮಾಡುವ ಖರ್ಚು ಎಲ್ಲರ ಗಮನಕ್ಕೆ ಬರುತ್ತದೆ, ಒಣಗಿಸುವ ಖರ್ಚು ಬರುವುದಿಲ್ಲ.

ಮಂಗಳೂರಿನಲ್ಲಿ ಹೊರಗೆ 32 ಡಿಗ್ರಿ, ಆರ್ದ್ರತೆ ಶೇ 75 ಇರುವ ಒಂದು ಸಂಜೆಯನ್ನು ಎಣಿಸಿಕೊಳ್ಳಿ. ಒಳಗೆ 26 ಡಿಗ್ರಿ, ಶೇ 55 ಇಡಬೇಕು. ಒಬ್ಬರಿಗೆ ಸೆಕೆಂಡಿಗೆ 10 ಲೀಟರ್ ಹೊಸ ಗಾಳಿ ಕೊಟ್ಟರೆ ಎಸಿಯ ಮೇಲೆ ಬೀಳುವ ಹೊರೆ ಸುಮಾರು 400 ವ್ಯಾಟ್. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ತೇವ ತೆಗೆಯುವುದಕ್ಕೇ ಹೋಗುತ್ತದೆ, ಒಂದು ಪಾಲು ಮಾತ್ರ ತಂಪಿಗೆ. ನಾಲ್ವರ ಮನೆಗೆ ಇದು ಹತ್ತಿರ ಹತ್ತಿರ ಅರ್ಧ ಟನ್ ಎಸಿಯ ಕೆಲಸ. ಈಗ ಬೆಂಗಳೂರಿನ ಮಾರ್ಚ್ ಮಧ್ಯಾಹ್ನವನ್ನು ನೋಡಿ: ಹೊರಗೆ 33 ಡಿಗ್ರಿ, ಆರ್ದ್ರತೆ ಶೇ 30. ಮಂಗಳೂರಿಗಿಂತ ಒಂದು ಡಿಗ್ರಿ ಹೆಚ್ಚೇ ಇದೆ. ಆದರೂ ಅದೇ 10 ಲೀಟರ್ ಗಾಳಿಯ ಹೊರೆ ಸುಮಾರು 75 ವ್ಯಾಟ್ ಮಾತ್ರ, ಏಕೆಂದರೆ ಹೊರಗಿನ ಗಾಳಿಯಲ್ಲಿರುವ ತೇವ ಒಳಗಿನದಕ್ಕಿಂತ ಕಡಿಮೆ. ಅದು ಒಳಬಂದು ಕೋಣೆಯನ್ನು ಒಣಗಿಸುತ್ತದೆ. ಸಂಜೆಯಾದ ಮೇಲೆ ಹೊರಗಿನ ಉಷ್ಣತೆ ಒಳಗಿನದಕ್ಕಿಂತ ಕೆಳಗಿಳಿಯುತ್ತದೆ, ಆಗ ಹೊಸ ಗಾಳಿ ಹೊರೆಯಾಗುವ ಬದಲು ತಂಪನ್ನೇ ತಂದುಕೊಡುತ್ತದೆ.

ಐದು ಪಟ್ಟಿಗಿಂತ ಹೆಚ್ಚಿನ ಈ ವ್ಯತ್ಯಾಸವನ್ನು ಗಮನಿಸದೆ ಒಂದೇ ಯಂತ್ರವನ್ನು ಎರಡೂ ಊರುಗಳಿಗೆ ಶಿಫಾರಸು ಮಾಡುವವರ ಮಾತಿಗೆ ಕಿವಿಗೊಡಬಾರದು.

ಕಿಟಕಿ

ಕಿಟಕಿಯ ಶಕ್ತಿಯನ್ನು ನಾವು ಕಡಿಮೆ ಅಂದಾಜು ಮಾಡುತ್ತೇವೆ. ರಾಷ್ಟ್ರೀಯ ಕಟ್ಟಡ ಸಂಹಿತೆ ಕೊಡುವ ಸೂತ್ರದಂತೆ, ತೆರೆದ ಜಾಗದ ವಿಸ್ತೀರ್ಣವನ್ನು ಗಾಳಿಯ ವೇಗದಿಂದ ಗುಣಿಸಿ, ಗಾಳಿ ನೇರವಾಗಿ ಬಡಿದರೆ 0.6ರಿಂದಲೂ ಓರೆಯಾಗಿ ಬಂದರೆ 0.3ರಿಂದಲೂ ಮತ್ತೆ ಗುಣಿಸಬೇಕು. ನಾಲ್ಕಡಿ ಚೌಕದ ಜಾರುಗಿಟಕಿ ಅರ್ಧ ತೆರೆದಿದ್ದರೆ ಸಿಗುವುದು 0.74 ಚದರ ಮೀಟರ್. ಎಲೆಯೂ ಅಲುಗದಷ್ಟು ಮೆಲ್ಲನೆಯ, ಅಂದರೆ ಸೆಕೆಂಡಿಗೆ ಅರ್ಧ ಮೀಟರ್ ವೇಗದ ಗಾಳಿ ಓರೆಯಾಗಿ ಬೀಸಿದರೂ ಗಂಟೆಗೆ 400 ಘನ ಮೀಟರ್ ಒಳಬರುತ್ತದೆ. ಸೊಳ್ಳೆ ಪರದೆ ಅದರಲ್ಲಿ ಅರ್ಧವನ್ನು ನುಂಗಿದರೂ, ನಮಗೆ ಬೇಕಾದ 45ರ ನಾಲ್ಕು ಪಟ್ಟಿಗಿಂತ ಹೆಚ್ಚು ಉಳಿಯುತ್ತದೆ. ವಿದ್ಯುತ್ ಖರ್ಚು ಸೊನ್ನೆ.

ಷರತ್ತು ಒಂದೇ: ಬಂದ ಗಾಳಿ ಹೊರಹೋಗಲು ಎದುರು ಗೋಡೆಯಲ್ಲೋ ಪಕ್ಕದ ಗೋಡೆಯಲ್ಲೋ ಇನ್ನೊಂದು ದಾರಿ ಇರಬೇಕು. ಒಂದೇ ಗೋಡೆಯಲ್ಲಿ ಕಿಟಕಿಯಿರುವ ಕೋಣೆಯಲ್ಲಿ ಈ ಸೂತ್ರ ನಡೆಯುವುದಿಲ್ಲ. ಹಳೆಯ ಮನೆಗಳಲ್ಲಿ ಬಾಗಿಲ ಮೇಲೆ ಇರುತ್ತಿದ್ದ ವೆಂಟಿಲೇಟರ್ ಕಿಂಡಿ ಇದೇ ಕೆಲಸಕ್ಕೆ ಇದ್ದದ್ದು. ಕೋಣೆಯ ಬಾಗಿಲು ಮುಚ್ಚಿದರೂ ಬಿಸಿಗಾಳಿ ಮೇಲಿನಿಂದ ನಡುಮನೆಗೆ ದಾಟಿ ಆಚೆ ಹೋಗುತ್ತಿತ್ತು. ತೊಟ್ಟಿಮನೆಯಲ್ಲಿ ಆ ಆಚೆ ಎಂದರೆ ಆಕಾಶಕ್ಕೆ ತೆರೆದ ತೊಟ್ಟಿ. ಇಂದಿನ ಅಪಾರ್ಟ್‌ಮೆಂಟಿನಲ್ಲಿ ಆ ಕಿಂಡಿಯನ್ನು ಅಂದಗೇಡು ಎಂದು ಮುಚ್ಚಿ ಫಾಲ್ಸ್ ಸೀಲಿಂಗ್ ಹಾಕುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮುಂದೆ ಯಾವ ಯಂತ್ರಕ್ಕೂ ಸುಲಭವಾಗಿ ತುಂಬಿಕೊಡಲಾಗದ ನಷ್ಟ ಅದು.

ಹೊಸದಾಗಿ ಕಟ್ಟುವವರಿಗೆ ಕೇಂದ್ರ ಸರ್ಕಾರದ 2018ರ ಇಕೋ ನಿವಾಸ್ ಸಂಹಿತೆ ಕನಿಷ್ಠ ಅಳತೆಯನ್ನು ಹೇಳುತ್ತದೆ. ತೆರೆಯಬಲ್ಲ ಕಿಟಕಿಯ ವಿಸ್ತೀರ್ಣ ನೆಲದ ವಿಸ್ತೀರ್ಣದ ಶೇ 12.5ರಷ್ಟು ಇರಬೇಕೆಂಬುದು ಬೆಂಗಳೂರಿನಂಥ ಹಿತಕರ ಹವೆಗೆ ನಿಗದಿಯಾದ ಪ್ರಮಾಣ. ಕರಾವಳಿಯ ಬಿಸಿ ತೇವದ ಹವೆಗೆ ಶೇ 16.66, ಬಿಸಿ ಒಣ ಹವೆಗೆ ಶೇ 10. ‘ತೆರೆಯಬಲ್ಲ’ ಎಂಬ ಮಾತನ್ನು ಒತ್ತಿ ಓದಬೇಕು. ಜಾರುಗಿಟಕಿಯಲ್ಲಿ ತೆರೆಯುವುದು ಅರ್ಧ ಮಾತ್ರ, ಹಳೆಯ ರೀತಿಯ ರೆಕ್ಕೆ ಕಿಟಕಿ ಬಹುತೇಕ ಪೂರ್ತಿ ತೆರೆಯುತ್ತದೆ. ಗುತ್ತಿಗೆದಾರರು ತೋರಿಸುವ ನಕ್ಷೆಯಲ್ಲಿ ಗಾಜಿನ ಅಳತೆ ಇರುತ್ತದೆ, ತೆರೆಯುವ ಅಳತೆಯನ್ನು ನೀವೇ ಕೇಳಿ ಪಡೆಯಬೇಕು.

ದೊಡ್ಡ ಕಟ್ಟಡದಲ್ಲಿಯೂ ಇದು ಸಾಧ್ಯವೆಂಬುದಕ್ಕೆ ಬೆಂಗಳೂರಿನ ದೊಮ್ಮಲೂರಿನಲ್ಲಿರುವ ಟೆರಿ ಸಂಸ್ಥೆಯ ಕೇಂದ್ರವನ್ನು ನೋಡಬಹುದು. ವಾಸ್ತುಶಿಲ್ಪಿ ಸಂಜಯ್ ಮೋಹೆ ಅವರ ವಿನ್ಯಾಸವಿದು. ನಿವೇಶನದ ದಕ್ಷಿಣಕ್ಕೆ ದುರ್ವಾಸನೆಯ ಮೋರಿ, ಗಾಳಿ ಬೀಸುವುದೂ ಅತ್ತಲಿಂದಲೇ. ಅತ್ತ ಕಿಟಕಿ ಇಟ್ಟರೆ ನಾತ, ಇಡದಿದ್ದರೆ ಗಾಳಿಯಿಲ್ಲ ಎಂಬ ಇಕ್ಕಟ್ಟು. ಅವರು ದಕ್ಷಿಣಕ್ಕೆ ಕಿಟಕಿಯಿಲ್ಲದ ಕಪ್ಪು ಕಡಪ ಕಲ್ಲಿನ ಗೋಡೆಯನ್ನು ನಿಲ್ಲಿಸಿದರು. ಬಿಸಿಲಿಗೆ ಆ ಕಲ್ಲು ಕಾಯುತ್ತದೆ, ಅದರ ಹಿಂದಿನ ಪೊಳ್ಳಿನಲ್ಲಿರುವ ಗಾಳಿ ಬಿಸಿಯಾಗಿ ಮೇಲೇರುತ್ತದೆ, ಕಟ್ಟಡದೊಳಗಿನ ಗಾಳಿಯನ್ನು ತನ್ನ ಹಿಂದೆ ಎಳೆದುಕೊಳ್ಳುತ್ತದೆ. ಹೊಸ ಗಾಳಿ ಉತ್ತರದ ಕಡೆಯಿಂದ ಒಳಬರುತ್ತದೆ. ಫ್ಯಾನಿನ ಕೆಲಸವನ್ನು ಬಿಸಿಲೇ ಮಾಡುತ್ತದೆ.

ಕಿಟಕಿಯ ಜೊತೆ ಸೀಲಿಂಗ್ ಫ್ಯಾನ್ ಇದ್ದರೆ ಎಸಿಯಿಲ್ಲದೆ ಕಳೆಯಬಹುದಾದ ದಿನಗಳು ಬಹಳ ಹೆಚ್ಚುತ್ತವೆ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಭಾರತದ ಕಚೇರಿಗಳಲ್ಲಿ ಕೆಲಸ ಮಾಡುವವರನ್ನೇ ಕೇಳಿ ರೂಪಿಸಿದ ಹಿತದ ಸೂತ್ರವನ್ನು 2016ರ ಕಟ್ಟಡ ಸಂಹಿತೆ ಅಳವಡಿಸಿಕೊಂಡಿದೆ. ಅದರಂತೆ ಹೊರಗಿನ ಸರಾಸರಿ ಉಷ್ಣತೆ 28 ಡಿಗ್ರಿ ಇರುವ ದಿನಗಳಲ್ಲಿ, ಕಿಟಕಿ ತೆರೆದ ಕಟ್ಟಡದಲ್ಲಿ ಕೂರುವವರಿಗೆ ಒಳಗಿನ 28 ಡಿಗ್ರಿಯೇ ಹಿತ. ಬಿಎಲ್‌ಡಿಸಿ ಎಂಬ ಹೊಸ ಬಗೆಯ ಮೋಟರಿರುವ ಫ್ಯಾನ್ ತಿನ್ನುವುದು 28ರಿಂದ 35 ವ್ಯಾಟ್. ಹಳೆಯ ಫ್ಯಾನ್ 70ರಿಂದ 80 ವ್ಯಾಟ್.

ಕಿಟಕಿ ಸೋಲುವುದು ಮೂರು ಕಡೆ: ವಾಹನಗಳ ರಸ್ತೆಗೆ ಅಂಟಿದ ಮನೆಯಲ್ಲಿ, ತೇವ ಹೆಚ್ಚಿ ಎಸಿ ಅನಿವಾರ್ಯವಾಗುವ ಕರಾವಳಿಯ ರಾತ್ರಿಗಳಲ್ಲಿ, ಮತ್ತು ಗದ್ದಲ ಅಥವಾ ಕಳ್ಳಕಾಕರ ಭಯದಿಂದ ಮುಚ್ಚಲೇಬೇಕಾದ ನೆಲಮಹಡಿಯಲ್ಲಿ.

ಎಕ್ಸಾಸ್ಟ್ ಫ್ಯಾನ್ ಮತ್ತು ಅಡುಗೆಮನೆ

ಬಚ್ಚಲುಮನೆಯ ಎಕ್ಸಾಸ್ಟ್ ಫ್ಯಾನನ್ನು ನಿರಂತರ ಓಡಿಸಿದರೆ ಮನೆಗೆಲ್ಲ ಹೊಸ ಗಾಳಿ ಬರುತ್ತದೆ ಎಂಬ ಸಲಹೆ ಅಗ್ಗದ್ದು, ಅರ್ಧ ಸರಿಯಾದದ್ದು. ಒಂದು ಊದುಬತ್ತಿ ಹಚ್ಚಿ, ಫ್ಯಾನ್ ಓಡುತ್ತಿರುವ ಬಚ್ಚಲಿನ ಮುಚ್ಚಿದ ಬಾಗಿಲ ಕೆಳಗಿನ ಸಂದಿಗೆ ಹಿಡಿದು ನೋಡಿ. ಹೊಗೆಯ ಎಳೆ ನೆಟ್ಟಗೆ ಏರುವುದನ್ನು ಬಿಟ್ಟು ನೆಲಕ್ಕೆ ಬಾಗಿ ಸಂದಿಯೊಳಗೆ ನುಗ್ಗಿದರೆ ಫ್ಯಾನ್ ಎಳೆಯುತ್ತಿದೆ ಎಂದರ್ಥ. ಈಗ ಅದೇ ಊದುಬತ್ತಿಯನ್ನು ಮುಂಬಾಗಿಲಿನ ಅಂಚಿಗೆ, ಸಿಂಕಿನ ಕೆಳಗಿನ ಪೈಪಿನ ಸುತ್ತ, ಸ್ವಿಚ್ ಬೋರ್ಡಿನ ಬಳಿ ಹಿಡಿಯಿರಿ. ಹೊರಗಿನ ಗಾಳಿ ಎಲ್ಲೆಲ್ಲಿಂದ ಬರುತ್ತಿದೆ ಎಂಬುದು ಹೊಗೆ ಒಳಮುಖವಾಗಿ ಚದುರುವುದರಿಂದ ತಿಳಿಯುತ್ತದೆ. ಎಕ್ಸಾಸ್ಟ್ ಫ್ಯಾನಿನ ದೌರ್ಬಲ್ಯ ಇದೇ. ಎಷ್ಟು ಹೊರಹಾಕಬೇಕೆಂಬುದು ನಿಮ್ಮ ಕೈಯಲ್ಲಿದೆ, ಎಲ್ಲಿಂದ ಒಳಬರಬೇಕೆಂಬುದು ಇಲ್ಲ. ನೀರು ಆರಿದ ಜಾಲಿಯ ಮೂಲಕ ಚರಂಡಿಯ ಗಾಳಿಯೂ, ಮೆಟ್ಟಿಲ ಗೂಡಿನಿಂದ ಪಕ್ಕದವರ ಸಿಗರೇಟಿನ ಹೊಗೆಯೂ ಬರಬಹುದು.

ಕರಾವಳಿಯಲ್ಲಿ ಎಸಿಯ ಜೊತೆ ಇದನ್ನು ಮಾಡುವುದು ತಪ್ಪು. ಮಂಗಳೂರಿನ ಪರಿಚಿತರೊಬ್ಬರು ಎಸಿಯನ್ನೂ ಬಚ್ಚಲಿನ ಎಕ್ಸಾಸ್ಟನ್ನೂ ರಾತ್ರಿಯಿಡೀ ಒಟ್ಟಿಗೆ ಓಡಿಸುತ್ತಿದ್ದರು. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಹೊರಗೋಡೆಗೆ ತಾಗಿಸಿದ್ದ ಕಪಾಟನ್ನು ಸರಿಸಿ ನೋಡಿದರೆ, ಅದರ ಬೆನ್ನಿನ ಹಲಗೆಯಷ್ಟೇ ಅಗಲಕ್ಕೆ ಗೋಡೆಯ ಮೇಲೆ ಬೂದುಹಸಿರು ಬೂಷ್ಟು ಹಬ್ಬಿತ್ತು. ಒಳಗೆ ಒತ್ತಡ ಕಡಿಮೆಯಾದಾಗ ಸಂದುಗಳಿಂದ ನುಗ್ಗಿದ ತೇವದ ಗಾಳಿ ತಣ್ಣನೆಯ ಗೋಡೆಗೆ ತಗುಲಿ ನೀರಾಗುತ್ತಿತ್ತು.

ಆದರೆ ಅಡುಗೆಮನೆಯಲ್ಲಿ ಎಕ್ಸಾಸ್ಟಿಗೆ ಬದಲಿಯಿಲ್ಲ. ಒಣಮೆಣಸಿನ ಒಗ್ಗರಣೆಯ ಘಾಟಿಗೆ ನಡುಮನೆಯಲ್ಲಿದ್ದವರೂ ಕೆಮ್ಮುವುದು ಎಲ್ಲರ ಅನುಭವ; ಕಣ್ಣಿಗೆ ಕಾಣದ ಸೂಕ್ಷ್ಮ ಕಣಗಳೂ ಅದೇ ದಾರಿಯಲ್ಲಿ ಹರಡುತ್ತವೆ. 2018ರಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಪ್ರಯೋಗಕ್ಕೆಂದೇ ಇರುವ ಮನೆಯೊಂದರಲ್ಲಿ ಹೋಮ್‌ಕೆಮ್ ಎಂಬ ಅಧ್ಯಯನ ನಡೆಯಿತು. ದಿನನಿತ್ಯದ ಅಡುಗೆ, ನೆಲ ಒರೆಸುವುದು ಮುಂತಾದವನ್ನು ಮಾಡುತ್ತ ಗಾಳಿಯನ್ನು ಅಳೆದಾಗ, ಒಳಗಿನ ಮಾಲಿನ್ಯಕ್ಕೆ ಅಡುಗೆ ಎಷ್ಟು ದೊಡ್ಡ ಮೂಲವೆಂಬುದು ಸ್ಪಷ್ಟವಾಯಿತು. ಗ್ಯಾಸ್ ಉರಿಯಿಂದ ನೈಟ್ರೋಜನ್ ಡೈಆಕ್ಸೈಡ್ ಕೂಡ ಬರುತ್ತದೆ. ಈ ಮಾಲಿನ್ಯವನ್ನು ಮನೆಯೆಲ್ಲ ಹರಡಲು ಬಿಟ್ಟು ಆಮೇಲೆ ಪ್ಯೂರಿಫೈಯರಿನಿಂದ ಹಿಡಿಯುವುದಕ್ಕಿಂತ ಹುಟ್ಟುವಲ್ಲಿಯೇ ಹೊರಗಟ್ಟುವುದು ಎಲ್ಲ ರೀತಿಯಿಂದಲೂ ಅಗ್ಗ.

ಈ ತಿಳಿವಳಿಕೆ ನಮ್ಮ ನೆಲದಲ್ಲಿ ಹಿಂದೆಯೇ ಇತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಕೆ. ಎನ್. ರೆಡ್ಡಿಯವರು 1974ರಲ್ಲಿ ಆರಂಭಿಸಿದ ಅಸ್ತ್ರ ಕೇಂದ್ರದಿಂದ ಬಂದ ಅಸ್ತ್ರ ಒಲೆ, ಸೌದೆಯನ್ನು ಉಳಿಸುವುದರ ಜೊತೆಗೆ ಹೊಗೆಯನ್ನು ಕೊಳವೆಯ ಮೂಲಕ ಸೂರಿನಾಚೆಗೆ ಸಾಗಿಸುತ್ತಿತ್ತು. ಇಂಧನದ ಉಳಿತಾಯ ಮತ್ತು ಉಸಿರಾಡುವ ಗಾಳಿ, ಎರಡನ್ನೂ ಒಂದೇ ಒಲೆಯಲ್ಲಿ ಸಾಧಿಸಿದ ಆ ಕೆಲಸ ಕರ್ನಾಟಕದ ಹಳ್ಳಿಗಳ ಹೆಂಗಸರ ಕಣ್ಣನ್ನೂ ಶ್ವಾಸಕೋಶವನ್ನೂ ಗಮನದಲ್ಲಿಟ್ಟುಕೊಂಡದ್ದಾಗಿತ್ತು.

ಚಿಮಣಿ ಕೊಳ್ಳುವಾಗ ಎರಡು ಬಗೆಗಳು ಎದುರಾಗುತ್ತವೆ. ಪೈಪ್ ಇಲ್ಲದ ಬಗೆ ಎಣ್ಣೆಯ ಜಿಡ್ಡನ್ನು ಹಿಡಿದು, ಇದ್ದಿಲ ಪದರದ ಮೂಲಕ ವಾಸನೆಯನ್ನು ಸ್ವಲ್ಪ ತಗ್ಗಿಸಿ, ಗಾಳಿಯನ್ನು ಮತ್ತೆ ಅಡುಗೆಮನೆಗೇ ಬಿಡುತ್ತದೆ. ತೇವ ಹಾಗೆಯೇ ಉಳಿಯುತ್ತದೆ, ಉರಿಯ ಅನಿಲವೂ ಬಹುಪಾಲು ಉಳಿಯುತ್ತದೆ. ಅದನ್ನು ಗಾಳಿಯ ವ್ಯವಸ್ಥೆ ಎಂದು ನಾನು ಒಪ್ಪುವುದಿಲ್ಲ. ಹೊರಗೆ ಪೈಪ್ ಹೋಗುವ ಬಗೆಯನ್ನೇ ಆರಿಸಿ, ಪೈಪಿನ ತಿರುವುಗಳನ್ನು ಕಡಿಮೆ ಮಾಡಿಸಿ. ಬರ್ಕ್ಲಿ ಪ್ರಯೋಗಾಲಯದ ಅಳತೆಗಳು ತೋರಿಸಿದಂತೆ, ಮುಂದಿನ ಬರ್ನರಿನ ಹೊಗೆಗಿಂತ ಹಿಂದಿನ ಬರ್ನರಿನ ಹೊಗೆಯನ್ನು ಚಿಮಣಿ ಚೆನ್ನಾಗಿ ಹಿಡಿಯುತ್ತದೆ. ಆದ್ದರಿಂದ ದೋಸೆ ಕಾವಲಿ, ಒಗ್ಗರಣೆ, ಕರಿಯುವ ಬಾಣಲೆ ಹಿಂದಕ್ಕೆ, ಹಾಲು ಕಾಯಿಸುವುದು ಮುಂದಕ್ಕೆ. ಗಂಟೆಗೆ 1,000 ಘನ ಮೀಟರಿಗೂ ಹೆಚ್ಚು ಎಳೆಯುತ್ತದೆಂದು ಹೇಳಿಕೊಳ್ಳುವ ಚಿಮಣಿಯೂ ಕಿಟಕಿಗಳೆಲ್ಲ ಮುಚ್ಚಿದ್ದರೆ ಅಷ್ಟನ್ನು ಎಳೆಯಲಾರದು, ಅದಕ್ಕೆ ಬದಲಿ ಗಾಳಿ ಬೇಕು. ಅಡುಗೆ ಮುಗಿದ ಮೇಲೂ ಹತ್ತು ನಿಮಿಷ ಅದು ಓಡಲಿ.

ಫಿಲ್ಟರಿನ ಮೂಲಕ ಒಳಗೂಡಿಸುವ ಫ್ಯಾನ್

ಎಕ್ಸಾಸ್ಟಿನ ತಿರುವುಮುರುವು ಇದು. ಹೊರಗೋಡೆಯಲ್ಲಿ ಒಂದು ರಂಧ್ರ, ಅದಕ್ಕೊಂದು ಸಣ್ಣ ಫ್ಯಾನ್, ಅದರ ಬಾಯಿಗೆ ಫಿಲ್ಟರ್. ಹೊಸ ಗಾಳಿ ಒಂದೇ ದಾರಿಯಲ್ಲಿ, ಶೋಧಿಸಿಕೊಂಡು ಒಳಬರುತ್ತದೆ. ಒಳಗಿನ ಒತ್ತಡ ತುಸು ಹೆಚ್ಚಿ, ಸಂದುಗಳಿಂದ ಧೂಳು ಬರುವ ಬದಲು ಗಾಳಿ ಹೊರಹೋಗುತ್ತದೆ. ಒಂದು ಮನೆಗೆ ಸಾಕಾಗುವ ಫ್ಯಾನ್ 20ರಿಂದ 40 ವ್ಯಾಟ್‌ನಲ್ಲಿ ಓಡುತ್ತದೆ. ಬೆಂಗಳೂರು, ಹುಬ್ಬಳ್ಳಿ, ದಾವಣಗೆರೆಯಂಥ ಒಳನಾಡಿನ ಊರುಗಳಲ್ಲಿ ರಸ್ತೆಬದಿಯ ಮನೆಯಿರುವವರಿಗೆ ನನ್ನ ಮೊದಲ ಶಿಫಾರಸು ಇದೇ. ಹೊರಹೋಗುವ ಗಾಳಿಯ ತಂಪನ್ನು ಒಳಬರುವ ಗಾಳಿಗೆ ದಾಟಿಸುವ ಇಆರ್‌ವಿ ಯಂತ್ರಕ್ಕೆ ಹೋಲಿಸಿದರೆ ಇದು ತೀರ ಅಗ್ಗ, ಕೆಟ್ಟರೆ ಊರಿನ ಯಾವ ಎಲೆಕ್ಟ್ರಿಷಿಯನ್ ಬೇಕಾದರೂ ರಿಪೇರಿ ಮಾಡಬಲ್ಲ.

ಫಿಲ್ಟರ್ ಯಾವುದು ಎಂಬುದು ಮುಖ್ಯ. ಹೆಪಾ ಫಿಲ್ಟರ್ 0.3 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಗಾತ್ರದ ಕಣಗಳಲ್ಲಿ ಶೇ 99.97ರಷ್ಟನ್ನು ಹಿಡಿಯುತ್ತದೆ, ಆದರೆ ಗಾಳಿಗೆ ಬಲವಾದ ತಡೆಯೊಡ್ಡುವುದರಿಂದ ಸಣ್ಣ ಫ್ಯಾನ್ ಏದುಸಿರು ಬಿಡುತ್ತದೆ. ಫಿಲ್ಟರುಗಳ ಮರ್ವ್ ಎಂಬ ಶ್ರೇಣಿಯಲ್ಲಿ 13ನೆಯ ದರ್ಜೆಯದು 1ರಿಂದ 3 ಮೈಕ್ರಾನ್ ಕಣಗಳಲ್ಲಿ ಶೇ 85ಕ್ಕೂ, ಅದಕ್ಕಿಂತ ಚಿಕ್ಕವುಗಳಲ್ಲಿ ಕನಿಷ್ಠ ಅರ್ಧಕ್ಕೂ ಅಡ್ಡಿಯಾಗುತ್ತದೆ, ತಡೆ ಕಡಿಮೆ. ಮನೆಗೆ ಇದೇ ಸರಿ. ಅದರ ಮುಂದೆ ತೊಳೆಯಬಹುದಾದ ಒರಟು ಜಾಲರಿ ಇರಲಿ. ಇಲ್ಲದಿದ್ದರೆ ದುಬಾರಿ ಫಿಲ್ಟರಿನ ಮಡಿಕೆಗಳು ಕೆಮ್ಮಣ್ಣಿನ ಧೂಳಿನಿಂದ ಬೇಗನೆ ಕಟ್ಟಿಕೊಳ್ಳುತ್ತವೆ. ಶೋಧನೆ ಏಕೆ ಇಷ್ಟು ಮುಖ್ಯ ಎಂದರೆ, ಪಿಎಂ 2.5 ಎಂಬ, 2.5 ಮೈಕ್ರಾನ್ ಮೀರದ ಸೂಕ್ಷ್ಮ ಕಣಗಳಿಗೆ ನಮ್ಮ ರಾಷ್ಟ್ರೀಯ ಮಾನದಂಡದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 5. ಹೊರಗಿನ ಗಾಳಿ ಸರ್ಕಾರಿ ಮಿತಿಯೊಳಗಿದೆ ಎಂದ ಮಾತ್ರಕ್ಕೆ ಅದನ್ನು ಹಾಗೆಯೇ ಮಗುವಿನ ಕೋಣೆಗೆ ಊದುವುದು ಜಾಣತನವಲ್ಲ.

ಇಆರ್‌ವಿ

ಹೊರಹೋಗುವ ತಂಪು ಗಾಳಿಯ ಪಕ್ಕದಲ್ಲಿಯೇ ಒಳಬರುವ ಬಿಸಿಗಾಳಿಯನ್ನು, ನಡುವೆ ತೆಳುವಾದ ಪೊರೆಯಿಟ್ಟು ಹಾಯಿಸಿದರೆ, ಗಾಳಿಗಳು ಬೆರೆಯದೆಯೇ ಬಿಸಿಯೂ ತೇವವೂ ಒಂದರಿಂದ ಇನ್ನೊಂದಕ್ಕೆ ದಾಟುತ್ತವೆ. ಇದು ಇಆರ್‌ವಿ. ಇದರ ಅಣ್ಣನಾದ ಎಚ್‌ಆರ್‌ವಿ ಬಿಸಿಯನ್ನು ಮಾತ್ರ ದಾಟಿಸುತ್ತದೆ, ತೇವವನ್ನಲ್ಲ. ಯುರೋಪಿನ ಚಳಿನಾಡುಗಳಿಗೆಂದು ಬೆಳೆದ ಎಚ್‌ಆರ್‌ವಿಯನ್ನು ಕರಾವಳಿಯವರಿಗೆ ಮಾರುವುದು ಅನ್ಯಾಯ, ಏಕೆಂದರೆ ಹೊರೆಯ ಐದರಲ್ಲಿ ನಾಲ್ಕು ಪಾಲು ತೇವದ್ದೇ ಎಂದು ಮೇಲೆ ನೋಡಿದೆವು. ಕೊಳ್ಳುವ ಮುನ್ನ ತೇವವನ್ನೂ ದಾಟಿಸುತ್ತದೆಯೇ, ಒಟ್ಟು ಶಕ್ತಿಯ ದಕ್ಷತೆ ಶೇಕಡಾ ಎಷ್ಟು ಎಂದು ಕೇಳಬೇಕು.

ಮಂಗಳೂರಿನ ನಾಲ್ವರ ಮನೆಯ ಲೆಕ್ಕಕ್ಕೆ ಮರಳೋಣ. ಹೊಸ ಗಾಳಿಯ ಹೊರೆ ಸುಮಾರು 1,600 ವ್ಯಾಟ್. ಇಆರ್‌ವಿ ಅದರಲ್ಲಿ ಶೇ 60ನ್ನು ಉಳಿಸಿದರೆ, ಸಾಧಾರಣ ಎಸಿ ಒಂದು ವ್ಯಾಟ್ ವಿದ್ಯುತ್ತಿನಿಂದ ಸುಮಾರು ಮೂರೂವರೆ ವ್ಯಾಟ್ ಹೊರೆ ಇಳಿಸುವುದರಿಂದ, ವಿದ್ಯುತ್ತಿನಲ್ಲಿ 270 ವ್ಯಾಟ್ ಉಳಿತಾಯ. ಇಆರ್‌ವಿಯ ಎರಡು ಫ್ಯಾನ್‌ಗಳು ತಿನ್ನುವ 60 ವ್ಯಾಟ್ ಕಳೆದರೂ 210 ವ್ಯಾಟ್ ಕೈಗೆ ಉಳಿಯುತ್ತದೆ; ದಿನಕ್ಕೆ ಎಂಟು ಗಂಟೆ ಓಡಿದರೆ ತಿಂಗಳಿಗೆ ಸುಮಾರು 50 ಯೂನಿಟ್. ಅದೇ ಯಂತ್ರ ಬೆಂಗಳೂರಿನಲ್ಲಿ, ಆ ಮಾರ್ಚ್ ಮಧ್ಯಾಹ್ನ, ಎಸಿ ಓಡುತ್ತಿದ್ದರೂ ಉಳಿಸುವುದು 50ರಿಂದ 60 ವ್ಯಾಟ್; ತನ್ನ ಫ್ಯಾನ್‌ಗಳಿಗೆ ತಿನ್ನುವುದೂ ಅಷ್ಟೇ. ಎಸಿಯಿಲ್ಲದ ರಾತ್ರಿಗಳಲ್ಲಿ ಅದು ಫಿಲ್ಟರ್ ಇರುವ ದುಬಾರಿ ಫ್ಯಾನ್ ಮಾತ್ರ. ಆದ್ದರಿಂದ ಕರಾವಳಿಯಲ್ಲಿ ವರ್ಷದ ಬಹುಪಾಲು ಎಸಿ ಹಾಕಿಯೇ ಮಲಗುವವರಿಗೆ ಇಆರ್‌ವಿ ಸರಿ, ಬೆಂಗಳೂರಿನ ಮನೆಗೆ ಶಕ್ತಿಯ ಉಳಿತಾಯದ ಹೆಸರಿನಲ್ಲಿ ಅದನ್ನು ನಾನು ಸೂಚಿಸುವುದಿಲ್ಲ.

ಕಚೇರಿಗಳ ಲೆಕ್ಕ ಬೇರೆ. ಇನ್ಫೋಸಿಸ್ ಹೈದರಾಬಾದಿನಲ್ಲಿ 2011ರಲ್ಲಿ ಕಟ್ಟಿದ ಕಟ್ಟಡವೊಂದನ್ನು ಸರಿಯಾಗಿ ಎರಡು ಪಾಲು ಮಾಡಿ, ಒಂದರಲ್ಲಿ ಗಾಳಿಯ ಮೂಲಕವೇ ತಂಪು ಕೊಡುವ ಎಸಿಯನ್ನೂ, ಇನ್ನೊಂದರಲ್ಲಿ ತಾರಸಿಯ ಕಾಂಕ್ರೀಟಿನೊಳಗಿನ ಕೊಳವೆಗಳಲ್ಲಿ ತಂಪು ನೀರು ಹರಿಸುವ ವ್ಯವಸ್ಥೆಯನ್ನೂ ಇಟ್ಟಿತು. ಎರಡನೆಯದರಲ್ಲಿ ಹೊಸ ಗಾಳಿಗೆ ಪ್ರತ್ಯೇಕ ದಾರಿ. ಉಸಿರಿಗೆ ಬೇಕಾದಷ್ಟೇ ಗಾಳಿ, ಒಣಗಿಸಿ ಕೊಡುವುದು. ಆ ಪಾಲು ಶೇ 34ರಷ್ಟು ಕಡಿಮೆ ವಿದ್ಯುತ್ ಬಳಸಿತು. ತಂಪು ಕೊಡುವ ಕೆಲಸವನ್ನೂ ಗಾಳಿ ಕೊಡುವ ಕೆಲಸವನ್ನೂ ಬೇರ್ಪಡಿಸಿದರೆ ಎರಡೂ ಸುಧಾರಿಸುತ್ತವೆ ಎಂಬುದಕ್ಕೆ ಒಂದೇ ಸೂರಿನಡಿಯ ಇಷ್ಟು ಸ್ಪಷ್ಟವಾದ ಹೋಲಿಕೆ ಅಪರೂಪ. ಸಭಾಂಗಣಗಳಲ್ಲಿ ಇಂಗಾಲದ ಡೈಆಕ್ಸೈಡ್ ಸಂವೇದಕವನ್ನು ನೋಡಿಕೊಂಡು ಜನರಿರುವಷ್ಟಕ್ಕೆ ಗಾಳಿ ಬಿಡುವ ಏರ್ಪಾಡೂ ಒಳ್ಳೆಯದು, ಸಂವೇದಕ ನಂಬಿಕಸ್ಥವಾಗಿದ್ದರೆ.

ಉತ್ತರ ಕರ್ನಾಟಕದ ಕೂಲರ್

ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ 41 ಡಿಗ್ರಿ, ಆರ್ದ್ರತೆ ಶೇ 20 ಇದ್ದಾಗ, ಒದ್ದೆ ಪದರದ ಮೂಲಕ ಹಾದ ಗಾಳಿ 27–28 ಡಿಗ್ರಿಗೆ ಇಳಿಯುತ್ತದೆ. ಕೂಲರಿನ ನಿಜವಾದ ಗುಣವನ್ನು ಯಾರೂ ಹೇಳುವುದಿಲ್ಲ: ಕಿಟಕಿಗೆ ಕೂರಿಸಿದ ಕೂಲರ್ ಬಿಡುವುದು ಪೂರ್ತಿ ಹೊರಗಿನ ಗಾಳಿ. ತಂಪು ಮತ್ತು ಹೊಸ ಗಾಳಿ ಎರಡನ್ನೂ ಅದು 150–200 ವ್ಯಾಟ್‌ನಲ್ಲಿ ಕೊಡುತ್ತದೆ. ಅದಕ್ಕೆ ಎದುರಿನ ಕಿಟಕಿ ತೆರೆದಿರಲೇಬೇಕು. ಮುಚ್ಚಿದರೆ ಕೋಣೆ ಒದ್ದೆ ಬಟ್ಟೆಯಂತಾಗುತ್ತದೆ. ಗಂಟೆಗೆ ಹತ್ತು ಹನ್ನೆರಡು ಲೀಟರ್ ನೀರು ಬೇಕಾಗುವುದು, ನೀರಿಗೆ ಕೊಡ ಹಿಡಿದು ಕಾಯುವ ಊರುಗಳಲ್ಲಿ ಸಣ್ಣ ವಿಷಯವಲ್ಲ. ತೊಟ್ಟಿಯನ್ನು ವಾರಕ್ಕೊಮ್ಮೆ ಬರಿದುಮಾಡಿ ಉಜ್ಜದಿದ್ದರೆ ಡೆಂಗಿ ಹರಡುವ ಸೊಳ್ಳೆ ಅಲ್ಲಿಯೇ ಮೊಟ್ಟೆಯಿಡುತ್ತದೆ. ಜೂನ್ ಕಳೆದ ಮೇಲೆ ಇದರ ಪ್ರಯೋಜನ ಕುಗ್ಗುತ್ತದೆ, ಕರಾವಳಿಯಲ್ಲಿ ಯಾವ ತಿಂಗಳಲ್ಲಿಯೂ ಇಲ್ಲ.

ಒಳಾಂಗಣ ಗಿಡಗಳ ವಿಷಯ ಎರಡು ಮಾತಿನಲ್ಲಿ ಮುಗಿಯುತ್ತದೆ. 2019ರಲ್ಲಿ ಹಳೆಯ ಪ್ರಯೋಗಗಳನ್ನೆಲ್ಲ ಮರುಲೆಕ್ಕ ಹಾಕಿದಾಗ, ರಾಸಾಯನಿಕ ಆವಿಗಳನ್ನು ತೆಗೆಯುವುದರಲ್ಲಿ ಸಾಮಾನ್ಯ ಗಾಳಿಯಾಟಕ್ಕೆ ಸಮನಾಗಲು ನೆಲದ ಪ್ರತಿ ಚದರ ಮೀಟರಿಗೆ 10ರಿಂದ 1,000 ಗಿಡಗಳು ಬೇಕೆಂದು ಕಂಡುಬಂತು. ಗಿಡಗಳನ್ನು ಅಂದಕ್ಕಾಗಿ ಬೆಳೆಸಿ.

ಅಳೆದು ಕೊಳ್ಳುವುದು

ಯಾವ ಯಂತ್ರಕ್ಕೂ ಮುಂಚೆ ಒಂದು ಇಂಗಾಲದ ಡೈಆಕ್ಸೈಡ್ ಮಾಪಕವನ್ನು ಕೊಳ್ಳಿ, ಇಲ್ಲವೇ ಎರವಲು ತನ್ನಿ. ಅದು ಅತಿಗೆಂಪು ಕಿರಣದಿಂದ ಆ ಅನಿಲವನ್ನೇ ಅಳೆಯುವ ಎನ್‌ಡಿಐಆರ್ ಬಗೆಯದಾಗಿರಬೇಕು. ಬೇರೆ ಆವಿಗಳನ್ನು ಅಳೆದು ಅಂದಾಜಿನ ಸಂಖ್ಯೆ ತೋರಿಸುವ ಅಗ್ಗದ ಮಾಪಕಗಳು ಒಗ್ಗರಣೆಗೂ ಬೆಚ್ಚಿಬೀಳುತ್ತವೆ. ಇನ್ನೊಂದು ಎಚ್ಚರಿಕೆ: ಹಲವು ಮಾಪಕಗಳು ವಾರದಲ್ಲಿ ಕಂಡ ಅತಿ ಕಡಿಮೆ ಪ್ರಮಾಣವನ್ನೇ 400 ಎಂದು ಎಣಿಸಿ ತಮ್ಮನ್ನು ತಿದ್ದಿಕೊಳ್ಳುತ್ತವೆ. ಎಂದೂ ಕಿಟಕಿ ತೆರೆಯದ ಕೋಣೆಯಲ್ಲಿಟ್ಟರೆ ಅವು ಸುಳ್ಳು ಹೇಳಲು ಕಲಿಯುತ್ತವೆ. ವಾರಕ್ಕೊಮ್ಮೆ ಬಾಲ್ಕನಿಯಲ್ಲಿ ಸ್ವಲ್ಪ ಹೊತ್ತು ಇಡಬೇಕು.

ಬೆಳಿಗ್ಗೆ ಎದ್ದಾಗ ಮಾಪಕವನ್ನು ಕೋಣೆಯಲ್ಲಿಯೇ ಬಿಟ್ಟು, ಎಲ್ಲರೂ ಹೊರಬಂದು ಬಾಗಿಲು ಮುಚ್ಚಿ. ಆ ಹೊತ್ತಿನ ಸಂಖ್ಯೆ 1,820 ಇದ್ದರೆ ಹೊರಗಿಗಿಂತ 1,400 ಹೆಚ್ಚು ಎಂದಾಯಿತು. ಆ ಹೆಚ್ಚುವರಿ ಶೇ 37ಕ್ಕೆ, ಅಂದರೆ ಮಾಪಕ ಸುಮಾರು 940ಕ್ಕೆ ಇಳಿಯಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಗುರುತಿಟ್ಟುಕೊಳ್ಳಿ. ಒಂದು ಗಂಟೆಯನ್ನು ಆ ಹೊತ್ತಿನಿಂದ ಭಾಗಿಸಿದರೆ ಗಂಟೆಗೆ ಎಷ್ಟು ಸಲ ಗಾಳಿ ಬದಲಾಗುತ್ತದೆ ಎಂಬುದು ಸಿಗುತ್ತದೆ. ಅರ್ಧ ಗಂಟೆ ಹಿಡಿದಿದ್ದರೆ ಎರಡು ಸಲ. 34 ಘನ ಮೀಟರಿನ ಕೋಣೆಯಲ್ಲಿ ಅದು ಗಂಟೆಗೆ 68 ಘನ ಮೀಟರ್, ಇಬ್ಬರಿಗೆ ಬೇಕಾದ 45ಕ್ಕಿಂತ ಹೆಚ್ಚು. ಮೂರು ಗಂಟೆ ಹಿಡಿದರೆ 11 ಮಾತ್ರ. ಈ ಪರೀಕ್ಷೆಯನ್ನು ಮೊದಲು ಎಲ್ಲ ಮುಚ್ಚಿ, ಮರುದಿನ ಕಿಟಕಿಯನ್ನು ನಾಲ್ಕು ಬೆರಳು ತೆರೆದು, ಅದರ ಮರುದಿನ ಬಾಗಿಲ ಮೇಲಿನ ಕಿಂಡಿಯನ್ನೂ ತೆರೆದು ಮಾಡಿ. ಯಂತ್ರ ಹಾಕಿಸಿದವರು ಕೆಲಸ ಮುಗಿಯಿತೆಂದು ಬಿಲ್ ಕೊಡುವ ದಿನ, ಹಣ ಎಣಿಸುವ ಮುನ್ನ ಇನ್ನೊಮ್ಮೆ ಮಾಡಿ.